ಬಲಕ್ಕೆ ಸರಿಯುವ ಈಜು

ಹುಕ್ಕೇರಿ
೧೨ ಆಗಸ್ಟ್ ೧೯೩೬

ತಮ್ಮ ಕೇದಾರಿಗೆ,

ನಿನ್ನ ಪತ್ರ ಸೋಮವಾರ ಬಂತು. ಅತ್ತೆ ಭರಮವ್ವ ಮೊದಲು ತಾವೇ ಇಸಿದುಕೊಂಡು, ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಷರ ದುಂಡಗ ಅದಾವ. ಹುಡುಗ ಆರಾಮ ಅದಾನ" ಎಂದು ತೀರ್ಪು ಕೊಟ್ಟು ಆಮೇಲೆ ನನ್ನ ಕೈಗೆ ಕೊಟ್ಟರು.

ಈ ಸಲ ಪಂಚಮಿಗೆ ಅಪ್ಪ ನನ್ನನ್ನು ಕೊಣ್ಣೂರಿಗೆ ಕರೆದೊಯ್ಯಲು ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ನಿನ್ನ ಭಾವ ತೀರಿಕೊಂಡು ಐದು ತಿಂಗಳಷ್ಟೇ ಆಗಿದೆ. ಅವರ ಜೋಡುಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಎಲ್ಲರೂ ಹೇಳುತ್ತಾರೆ. ಕೊಡುತ್ತೇನೆ ಎನ್ನುತ್ತೇನೆ. ಅವು ಬಾಗಿಲ ಹಿಂದೆಯೇ ಇವೆ. ಅವರು ಬರೆಯದೆ ಬಿಟ್ಟ ನೋಟುಬುಕ್ಕೊಂದು ಸಿಕ್ಕಿತು. ಮಧ್ಯಾಹ್ನ ಅತ್ತೆ ಮಲಗಿದಾಗ ಅದರಲ್ಲಿ ಎರಡು ಸಾಲು ಬರೆಯುತ್ತೇನೆ. ನಾಲ್ಕನೆಯ ಇಯತ್ತೆ ಕಲಿತವಳಿಗೆ ಬರೆಯಲು ಹೆಚ್ಚೇನೂ ಇರುವುದಿಲ್ಲ. ಇವತ್ತು ಜೋಳ ಹಸನು ಮಾಡಿದೆ, ಇವತ್ತು ಮಳೆ ಇಲ್ಲ, ಅಷ್ಟೇ.

ಬೆಳಗಾವಿಯ ಕಾಲೇಜಿನಲ್ಲಿ ಈಜಿನ ಮಾಸ್ತರರು ನಿನ್ನನ್ನು ದಿನಾ ಕೊಳಕ್ಕೆ ಕರೆಯುತ್ತಾರೆಂದು ತಿಳಿದು ಸಂತೋಷ. ನೀರಿಗೆ ಇಳಿಯಲು ಬೇರೆ ಉಡುಪು ಹೊಲಿಸಿ ಕೊಟ್ಟಿದ್ದಾರೆಂದು ಬರೆದಿದ್ದೀಯ. ಅದನ್ನು ಓದಿ ನಕ್ಕೆ. ಆಮೇಲೆ ಬಹಳ ಹೊತ್ತು ನಗು ಬರಲಿಲ್ಲ.

ಈ ಊರಿನಲ್ಲಿ ಹೊಳೆ ಇಲ್ಲ. ಮದುವೆಯಾಗಿ ಬಂದು ಹನ್ನೆರಡು ವರ್ಷವಾಯಿತು, ಇನ್ನೂ ಅದು ರೂಢಿಯಾಗಿಲ್ಲ.

ನಿನ್ನ ಅಕ್ಕ
ಪಾರವ್ವ

•

ಬೆಳಗಾವಿ
೯ ಸೆಪ್ಟೆಂಬರ್ ೧೯೩೬

ಅಕ್ಕಾ,

ಗೆದ್ದೆ! ಎರಡೂ ಗೆದ್ದೆ! ನೂರು ಗಜದ ಅಂಗಾತ ಈಜು ಮತ್ತು ಐವತ್ತು ಗಜದ ವೇಗದ ಈಜು. ನಾಲ್ಕು ಕಾಲೇಜಿನ ಹುಡುಗರು ಬಂದಿದ್ದರು. ಮಾಸ್ತರರು ಕೈಗಡಿಯಾರವನ್ನು ಕಿವಿಗೆ ಹಿಡಿದು, ನಿಂತಿದೆಯೋ ಏನೋ ಎಂದು ಎರಡು ಸಲ ಅಲ್ಲಾಡಿಸಿ ನೋಡಿದರು.

ಅವರಿಗೆ ದೊಡ್ಡ ಆಶ್ಚರ್ಯವೆಂದರೆ ನನ್ನ ಕೈ ನೀರು ಚಿಮ್ಮಿಸುವುದಿಲ್ಲ ಎನ್ನುವುದು. "ಏನಪಾ, ಬೆಣ್ಣ್ಯಾಗ ಕೈ ಇಟ್ಟಂಗ ಇಡತೀ" ಎಂದರು. ಆಚೆ ದಂಡೆಯ ಹೊಲದಲ್ಲಿದ್ದ ಅಪ್ಪನಿಗೆ ಬುತ್ತಿಯನ್ನು ಎದೆಗೆ ಕಟ್ಟಿಕೊಂಡು ಅಂಗಾತ ಈಜಿ ಒಯ್ಯುತ್ತಿದ್ದೆ, ರೊಟ್ಟಿ ತೊಯ್ದರೆ ಬೈಗುಳ ತಿನ್ನಬೇಕಿತ್ತು ಎಂದು ಹೇಳಿದೆ. ಎಲ್ಲರೂ ನಕ್ಕರು. ಈಗ ಹಾಸ್ಟೆಲಿನಲ್ಲಿ ನನಗೆ ಬುತ್ತಿ ಎಂದೇ ಹೆಸರು.

ಇಲ್ಲಿಯ ವಾರಪತ್ರಿಕೆಯವರು ಬಂದು ಯಾರು ಕಲಿಸಿದರು ಎಂದು ಕೇಳಿದರು. ಯಾರೂ ಕಲಿಸಲಿಲ್ಲ, ಘಟಪ್ರಭೆ ಕಲಿಸಿದಳು ಎಂದೆ. ಅದನ್ನೇ ತಲೆಬರಹ ಮಾಡಿ ಹಾಕಿದ್ದಾರೆ. ಹಾಳೆ ಕಳಿಸಿದ್ದೇನೆ, ಅತ್ತೆಯವರಿಗೂ ಓದಿ ಹೇಳು.

ಒಂದು ತೊಂದರೆ ಇದೆ. ಅಂಗಾತ ಈಜುವಾಗ ನಾನು ಬಲಗಡೆಗೆ ಸರಿಯುತ್ತೇನೆ. ಬೋರಲು ಈಜುವಾಗ ಕೊಳದ ತಳದ ಗೆರೆ ಕಾಣುತ್ತದೆ, ತಿದ್ದಿಕೊಳ್ಳುತ್ತೇನೆ. ಅಂಗಾತ ಮಲಗಿದರೆ ಕಾಣುವುದು ಆಕಾಶವೊಂದೇ. ನೇರ ಹೋಗುತ್ತಿದ್ದೇನೆ ಅಂದುಕೊಂಡಿರುತ್ತೇನೆ, ಅಷ್ಟರಲ್ಲಿ ಬಾಜೂ ಹುಡುಗನ ದಾರಿಯಲ್ಲಿರುತ್ತೇನೆ. ಇಲ್ಲಿ ನೋಡಿಯೂ ನೋಡದಂತೆ ಬಿಟ್ಟರು. ಪುಣೆ ಮುಂಬೈಗಳಲ್ಲಿ ಬಿಡುವುದಿಲ್ಲ. ಮಾಸ್ತರರು ನನ್ನ ಕಾಲು ನೋಡಿದರು, ಸೊಂಟ ನೋಡಿದರು, ಅವರಿಗೆ ತಿಳಿಯುತ್ತಿಲ್ಲ. ನಾನು ಚಿಕ್ಕವನಿದ್ದಾಗ ನೀನು ದಂಡೆಯ ಮೇಲೆ ನಿಂತು ನೋಡುತ್ತಿದ್ದೆಯಲ್ಲ, ಆಗಲೂ ಹೀಗೇ ಸರಿಯುತ್ತಿದ್ದೆನೆ? ನೆನಪು ಮಾಡಿಕೊಂಡು ಬರೆ.

ಅಪ್ಪ ಏನು ಹೇಳಿದ್ದಾನೆಂದು ನಿನಗೆ ಗೊತ್ತಲ್ಲ. "ಈ ವರ್ಷ ಯುನಿವರ್ಸಿಟಿ ತಂಡದಾಗ ನಿನ್ನ ಹೆಸರ ಬಂದ್ರ ಕಾಲೇಜ. ಇಲ್ಲಾಂದ್ರ ಸುಮ್ನ ಬಂದು ರಂಟಿ ಹಿಡಿ." ನನಗೆ ನೇಗಿಲು ಹಿಡಿಯುವ ಮನಸ್ಸಿಲ್ಲ, ಆದ್ದರಿಂದ ಬೇಗ ಬರೆ.

ನಿನ್ನ
ಕೇದಾರಿ

•

ಹುಕ್ಕೇರಿ
೨೫ ಸೆಪ್ಟೆಂಬರ್ ೧೯೩೬

ಕೇದಾರಿಗೆ,

ಪತ್ರಿಕೆ ತಲುಪಿತು. ಅತ್ತೆಗೆ ಓದಿ ಹೇಳಿದೆ. "ಹೊಳಿ ಕಲಿಸಿತಂತ? ಹೊಳಿಗೇನ ಬ್ಯಾರೆ ಉದ್ಯೋಗ ಇಲ್ಲೇನ?" ಎಂದರು. ನಾನು ಹಾಳೆಯನ್ನು ಮಡಚಿ ಇಟ್ಟೆ.

ನಾನು ದಂಡೆಯ ಮೇಲೆ ನಿಂತಿದ್ದೆನೆಂದು ಬರೆದಿದ್ದೀಯ. ಇರಬಹುದು. ನಿನಗೆ ಆರು ವರ್ಷ ಆಗ.

ಬಲಕ್ಕೆ ಏಕೆ ಸರಿಯುತ್ತೀ ಎಂದು ನನಗೆ ತಿಳಿಯದು. ಕಾಲೇಜಿನ ಮಾಸ್ತರರಿಗೆ ತಿಳಿಯದ್ದು ನನಗೆ ಹೇಗೆ ತಿಳಿದೀತು?

ಮುಂದಿನ ವಾರ ಶೇಂಗಾ ಕೀಳುವುದಕ್ಕೆ ಮೂಡಲಗಿಗೆ, ಪರಪ್ಪ ಮಾವನ ಮನೆಗೆ ಹೋಗುತ್ತೇನೆ. ಮಾವನ ಹೆಂಡತಿ ಕೆಂಚವ್ವತ್ತೆಗೆ ಕೈ ಸಾಲುತ್ತಿಲ್ಲವಂತೆ. ಮನೆಯೊಳಗೆ ಕುಳಿತು ಕುಳಿತು ನಿನ್ನ ಮೈ ಹಳದಿಯಾಗಿದೆ, ಹೋಗಿ ಬಾ ಎಂದು ನಮ್ಮತ್ತೆಯೇ ಕಳಿಸುತ್ತಿದ್ದಾರೆ.

ಪಾರವ್ವ

•

ಬೆಳಗಾವಿ
೨೬ ಅಕ್ಟೋಬರ್ ೧೯೩೬

ಅಕ್ಕಾ,

ನಿನ್ನಿಂದ ಒಂದು ತಿಂಗಳಿಂದ ಪತ್ರವಿಲ್ಲ. ಮೂಡಲಗಿಯಿಂದ ಪರಪ್ಪ ಮಾವ ಬರೆದಿದ್ದಾನೆ. ನೀನು ಬಾವಿಯ ಹತ್ತಿರ ಹೋಗಿದ್ದೆ, ದೇವರ ದಯೆಯಿಂದ ಎಲ್ಲ ಪಾರಾಯಿತು, ಯಾರ ಮುಂದೆಯೂ ಆಡಬೇಡ ಎಂದು ಬರೆದಿದ್ದಾನೆ. ಅದಕ್ಕಿಂತ ಹೆಚ್ಚು ಬರೆದಿಲ್ಲ.

ನಾನು ಏನನ್ನೂ ಕೇಳುವುದಿಲ್ಲ.

ನನ್ನ ಪತ್ರಗಳಲ್ಲಿ ಬರೀ ನನ್ನದೇ ಡಂಗುರವಿತ್ತು. ನಿನ್ನ ಮನೆಯಲ್ಲಿ ಸಾವಾಗಿರುವಾಗ ನಾನು ಪತ್ರಿಕೆಯ ಹಾಳೆ ಕಳಿಸಿ ಓದು ಎಂದೆ. ನೆನೆದರೆ ನಾಚಿಕೆಯಾಗುತ್ತದೆ. ದೀಪಾವಳಿಗೆ ಹುಕ್ಕೇರಿಗೆ ಬರುತ್ತೇನೆ. ಅವ್ವ ಸತ್ತಾಗ ನನಗೆ ಮೂರು ವರ್ಷ, ನಿನಗೆ ಹತ್ತು. ಆಗಿನಿಂದ ನನಗೆ ಅವ್ವ ಅಂದರೆ ನೀನೇ. ಅದೊಂದನ್ನು ನೆನಪಿನಲ್ಲಿಡು, ಅಕ್ಕಾ. ಬಾವಿಯ ಕಡೆ ಹೋಗಬೇಡ.

ನಿನ್ನ
ಕೇದಾರಿ

•

ಹುಕ್ಕೇರಿ
೨೪ ನವೆಂಬರ್ ೧೯೩೬

ಕೇದಾರಿಗೆ,

ನೀನು ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋದದ್ದು ಅತ್ತೆಗೆ ಬಹಳ ಸಂತೋಷ. ನೀನು ತಿಂದ ಹೋಳಿಗೆಯ ಲೆಕ್ಕವನ್ನು ಓಣಿಗೆಲ್ಲ ಹೇಳುತ್ತಿದ್ದಾರೆ.

ನೀನು ಇದ್ದಷ್ಟು ಹೊತ್ತು ನನ್ನ ಮುಖ ನೋಡದೆ ಕೈ ನೋಡುತ್ತಿದ್ದೆ. ನಾನು ನೀರಿನ ಕೊಡದ ಕಡೆ ಹೋದರೆ ಎದ್ದು ನಿಲ್ಲುತ್ತಿದ್ದೆ. ಈಗ ಈ ಮನೆಯಲ್ಲಿ ನೀರು ಸೇದುವ ಕೆಲಸ ನನಗಿಲ್ಲ. ಹಗ್ಗವನ್ನು ಅತ್ತೆ ತಮ್ಮ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ.

ಹೊರಡುವಾಗ ಬಾಗಿಲಲ್ಲಿ ನಿಂತು ನೀನು ಕೇಳಿದೆ. "ಅಕ್ಕಾ, ಬಲಕ್ಕ ಯಾಕ ಹೋಗತೇನಿ, ನೆನಪಾತೇನ?" ನಾನು, "ಇಲ್ಲೋ ಯಪ್ಪಾ, ನನಗೇನ ಗೊತ್ತಾಕ್ಕತಿ" ಎಂದೆ. ನೀನು, "ಹೋಗಲಿ ಬಿಡು" ಎಂದು ನನ್ನ ಕಾಲು ಮುಟ್ಟಿದೆ.

ತಂಡದ ಆಯ್ಕೆಗೆಂದು ಪುಣೆಗೆ ಹೋದಾಗ ಜಾಗ್ರತೆಯಾಗಿರು. ಅಲ್ಲಿ ಚಳಿ ಬಹಳವಂತೆ.

ಪಾರವ್ವ

•

ಬೆಳಗಾವಿ
೨೭ ಡಿಸೆಂಬರ್ ೧೯೩೬

ಅಕ್ಕಾ,

ಪುಣೆಯಲ್ಲಿ ಎಲ್ಲ ಹಾಳಾಯಿತು.

ಅಲ್ಲಿ ಪ್ರತಿಯೊಬ್ಬನ ದಾರಿಗೂ ಎರಡೂ ಕಡೆ ಬೆಂಡು ಪೋಣಿಸಿದ ಹಗ್ಗ ಕಟ್ಟಿದ್ದರು. ಅಂಗಾತ ಈಜಿನಲ್ಲಿ ಅರವತ್ತು ಗಜದವರೆಗೆ ನಾನೇ ಮುಂದಿದ್ದೆ. ದಂಡೆಯ ಮೇಲಿನವರ ಕೂಗಿನಿಂದ ನನಗೆ ಅದು ತಿಳಿಯುತ್ತಿತ್ತು. ಆಮೇಲೆ ಹಗ್ಗ ನನ್ನ ಹೆಗಲಿಗೆ ಬಂತು. ಬಿಡಿಸಿಕೊಳ್ಳಲು ಹೊರಳಿದೆ, ಹಗ್ಗದ ಕೆಳಗೆ ನುಸುಳಿ ಆಚೆ ಎದ್ದೆ. ನನ್ನ ಎಡಗೈ ಸಾಂಗಲಿಯ ಹುಡುಗನ ಬಾಯಿಗೆ ಬಡಿಯಿತು. ನೀರಿನಲ್ಲಿ ರಕ್ತ ಹರಡಿದ್ದನ್ನು ನೋಡಿದೆ. ನನ್ನನ್ನು ಹೊರಗೆ ಹಾಕಿದರು. "ಇವನ್ನ ಎಲ್ಲಿಂದ ಹಿಡ್ಕೊಂಡ ಬಂದ್ರಿ, ಹೊಳ್ಯಾಗಿನ ಎಮ್ಮಿ ಇದ್ದಂಗ ಅದಾನ" ಎಂದು ಯಾರೋ ನಮ್ಮ ಮಾಸ್ತರರಿಗೆ ಕನ್ನಡದಲ್ಲೇ ಹೇಳಿದರು, ನನಗೆ ಕೇಳಲಿ ಎಂದೇ. ಐವತ್ತು ಗಜದ ವೇಗದ ಈಜಿನಲ್ಲಿ ಮೂರನೆಯವನಾದೆ. ಮೂರನೆಯವರಿಗೆ ತಂಡದಲ್ಲಿ ಜಾಗವಿಲ್ಲ.

ಇನ್ನೊಂದೇ ಅವಕಾಶ. ಫೆಬ್ರವರಿ ೨೭ಕ್ಕೆ ಮುಂಬೈಯಲ್ಲಿ ಕೊನೆಯ ಆಯ್ಕೆ. ಕಳಿಸಬೇಕೋ ಬೇಡವೋ ಎಂದು ಮಾಸ್ತರರು ಯೋಚಿಸುತ್ತಿದ್ದಾರೆ. ಅಪ್ಪನಿಗೆ ಇನ್ನೂ ಬರೆದಿಲ್ಲ. ಎತ್ತುಗಳು ಕಾಯುತ್ತಿವೆ ಎಂದೇ ಅವನು ಬರೆಯುತ್ತಾನೆ, ನನಗೆ ಗೊತ್ತು.

ನಿನಗೆ ಈಗ ಇದನ್ನೆಲ್ಲ ಬರೆಯಬಾರದಿತ್ತು. ಬೇರೆ ಯಾರಿಗೆ ಬರೆಯಲಿ?

ಕೇದಾರಿ

•

ಹುಕ್ಕೇರಿ
೫ ಜನವರಿ ೧೯೩೭

ಕೇದಾರಿ,

ಇದನ್ನು ಕೂತು ಓದು.

ನೀನು ಬಲಕ್ಕೆ ಏಕೆ ಸರಿಯುತ್ತೀ ಎಂಬುದು ನನಗೆ ಅಕ್ಟೋಬರಿನಿಂದ ಗೊತ್ತು. ದೀಪಾವಳಿಗೆ ಬಾಗಿಲಲ್ಲಿ ನಿಂತು ನೀನು ಕೇಳಿದಾಗಲೂ ಗೊತ್ತಿತ್ತು. ಹೇಳಲಿಲ್ಲ. ಸಾಂಗಲಿಯ ಹುಡುಗನ ಬಾಯಿಯ ರಕ್ತಕ್ಕೆ ನಿನ್ನ ಕೈಯಷ್ಟೇ ಅಲ್ಲ, ನನ್ನ ನಾಲಿಗೆಯೂ ಕಾರಣ.

ಮೊದಲು ಕಾರಣ ಹೇಳುತ್ತೇನೆ. ಕೊಣ್ಣೂರಿನ ನಮ್ಮ ದಂಡೆಯಿಂದ ಆಚೆ ದಂಡೆಗೆ ಅಂಗಾತ ಹೋಗುವಾಗ ಮೇಲಿನಿಂದ ಬರುವ ಹೊಳೆ ಬಲಗೈ ಕಡೆ ಇರುತ್ತದೆ. ಕೆಳಗೆ ಎಡಗೈ ಕಡೆ ಗೋಕಾಕದ ಧಬಧಬೆ. ನೀರು ಸೆಳೆದರೆ ನೇರ ಅಲ್ಲಿಗೇ. ಆದ್ದರಿಂದ ನಾವು ಎಡಗೈಯನ್ನು ಜೋರಾಗಿ ಎಳೆದು ಮೈಯನ್ನು ಸದಾ ಮೇಲಕ್ಕೆ, ಬಲಕ್ಕೆ ನೂಕುತ್ತ ಹೋಗುತ್ತಿದ್ದೆವು. ಹೊಳೆ ಕೆಳಕ್ಕೆ ಒಯ್ಯುತ್ತಿತ್ತು, ನಾವು ಮೇಲಕ್ಕೆ ನೂಕುತ್ತಿದ್ದೆವು, ಎರಡೂ ಕೂಡಿ ನೇರವಾಗಿ ಅಪ್ಪನ ಹೊಲದ ಮುಂದೆ ಏಳುತ್ತಿದ್ದೆವು. ಮರಳಿ ಬರುವಾಗ ಈಜಿದ್ದರೆ ಬಲಗೈಯೂ ಅಷ್ಟೇ ಕಲಿಯುತ್ತಿತ್ತು. ಆದರೆ ಬರುವಾಗ ನಾವು ಈಜಲೇ ಇಲ್ಲ. ಸಂಜೆ ಅಪ್ಪನ ಜೊತೆ ಎಮ್ಮೆಯ ಬಾಲ ಹಿಡಿದು ಬರುತ್ತಿದ್ದೆವು. ನಿನ್ನ ಎಡಗೈ ಹತ್ತು ವರ್ಷ ಧಬಧಬೆಗೆ ಹೆದರಿದ ಕೈ. ನಿಂತ ನೀರಿನಲ್ಲೂ ಅದು ಹೆದರುತ್ತಿದೆ.

ಇದು ನನಗೆ ಹೇಗೆ ತಿಳಿಯಿತೆಂದರೆ, ನಾನೂ ಬಲಕ್ಕೆ ಸರಿಯುತ್ತೇನೆ.

ಮೂಡಲಗಿಯಲ್ಲಿ ಪರಪ್ಪ ಮಾವನ ಬಾವಿ ನಿನಗೆ ಗೊತ್ತು, ಮೆಟ್ಟಿಲಿನದು, ಚೌಕ, ಒಂದು ಚಾವಡಿಯಷ್ಟು ದೊಡ್ಡದು. ಶೇಂಗಾ ಕೀಳುವವರೆಲ್ಲ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಉಣ್ಣಲು ಕೂತಿದ್ದರು. ನಾನು ಕೈ ತೊಳೆಯಲೆಂದು ಇಳಿದೆ. ನಿನ್ನ ಪತ್ರ ತಲೆಯಲ್ಲಿತ್ತು. ಸತ್ಯವಾಗಿ ಹೇಳುತ್ತೇನೆ, ಅದು ನಿನ್ನ ತೊಂದರೆ ಪರಿಹರಿಸುವ ಆಸೆಯಲ್ಲ. ನೀನು ಅಷ್ಟು ಜೋರಾಗಿ ಈಜುತ್ತೀಯಾದರೆ ನಾನು ಎಷ್ಟು ಈಜಬಲ್ಲೆ ಎಂದು ನೋಡಬೇಕಿತ್ತು. ಕಚ್ಚೆ ಹಾಕಿ ಇಳಿದುಬಿಟ್ಟೆ. ಹನ್ನೆರಡು ವರ್ಷದ ಮೇಲೆ. ಮೈ ಏನನ್ನೂ ಮರೆತಿರಲಿಲ್ಲ. ಅಂಗಾತ ಮಲಗಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋದೆ. ಹೋದಾಗಲೆಲ್ಲ ಎದುರಿನ ಗೋಡೆ ಸಿಗಲಿಲ್ಲ, ಬಲಗಡೆಯ ಮೂಲೆಯ ಕಲ್ಲು ತಲೆಗೆ ಬಡಿಯಿತು. ನಾಲ್ಕನೆಯ ಸಲ ಬಡಿದಾಗ ತಿಳಿಯಿತು. ನೀರಿನಲ್ಲೇ ನಕ್ಕೆ. ನಿನ್ನ ಭಾವ ಹೋದ ಮೇಲೆ ಅವರ ನೆನಪಿಲ್ಲದೆ ಕಳೆದ ಮೊದಲ ಅರ್ಧ ತಾಸು ಅದು. ಆಮೇಲೆ ಅದಕ್ಕಾಗಿಯೇ ಅಳು ಬಂತು.

ದಣಿವಾಗಿತ್ತು. ಕೈಕಾಲು ಚಾಚಿ, ಕಣ್ಣು ಮುಚ್ಚಿ ತೇಲುತ್ತ ಮಲಗಿದೆ. ಆಗ ಪರಪ್ಪ ಮಾವ ಮೇಲಿನಿಂದ ಬಗ್ಗಿ ನೋಡಿದ.

"ಪಾರವ್ವ ಬಾವಿ ಬಿದ್ದಾಳ್ರೋ! ಬರ್ರೋ! ಹೆಣ ತೇಲಾಕತ್ತೈತಿ!"

ನಾನು ಕಣ್ಣು ತೆರೆಯುವುದರೊಳಗೆ ಕೊಡ ತೆಗೆಯುವ ಪಾತಾಳಗರಡಿಯನ್ನು ಮೇಲಿನಿಂದ ಬಿಟ್ಟಿದ್ದರು. ಅದರ ಕೊಕ್ಕೆ ನನ್ನ ಸೀರೆಗೆ ಸಿಕ್ಕಿತು. ಮುಳುಗಿದ ಕೊಡವನ್ನು ಎಳೆದ ಹಾಗೆ ನನ್ನನ್ನು ಎಳೆದರು. ಆಗಲೇ ನಿಜವಾಗಿ ನೀರು ಕುಡಿದದ್ದು. ಮೆಟ್ಟಿಲ ಮೇಲೆ ಬೋರಲು ಹಾಕಿ ಬೆನ್ನು ಒತ್ತಿದರು. ಕೆಂಚವ್ವತ್ತೆ ಎದೆ ಬಡಿದುಕೊಳ್ಳುತ್ತ, "ಗಂಡನ ಹಿಂದ ಹೊಂಟಿದ್ಯೇನ ನಮ್ಮವ್ವ? ನಾವೆಲ್ಲಾ ನಿನಗ ಸತ್ತಿದ್ವೇನ?" ಎಂದು ಅಳುತ್ತಿದ್ದಳು. ಶೇಂಗಾ ಕೀಳಲು ಬಂದ ಹೆಂಗಸರೆಲ್ಲ ಅಳುತ್ತಿದ್ದರು.

"ನಾ ಈಸಾಕತ್ತಿದ್ದೆ" ಎಂಬ ಮಾತು ಬಾಯಿಗೆ ಬಂದಿತ್ತು. ಹೇಳಿಬಿಡಬಹುದಿತ್ತು. ಆದರೆ ಅವರ ಮುಖ ನೋಡಿದೆ. ಗಂಡ ಸತ್ತ ದುಃಖಕ್ಕೆ ಬಾವಿಗೆ ಬಿದ್ದವಳೆಂದರೆ ಅವರಿಗೆ ಮರುಕ. ಗಂಡ ಸತ್ತು ಏಳು ತಿಂಗಳಿಗೆ ಕಚ್ಚೆ ಹಾಕಿ ಈಜಲು ಇಳಿದವಳೆಂದರೆ ಏನೆನ್ನುತ್ತಿದ್ದರು? ನಾನು ಬಾಯಿ ಮುಚ್ಚಿಕೊಂಡೆ. ಅವರು ಏನು ತಿಳಿದರೋ ಅದೇ ಆಗಲಿ ಎಂದು ಬಿಟ್ಟೆ.

ಅಂದಿನಿಂದ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡುತ್ತಾರೆ. ಅತ್ತೆ ತಾವೇ ನೀರು ಸೇದುತ್ತಾರೆ. ನೀನು ಕಾಲು ಮುಟ್ಟಿ ಹೋದೆ. ನಾನು ಯಾವ ಸಾವನ್ನೂ ಬಯಸಿರಲಿಲ್ಲ ಕೇದಾರಿ. ನಾನು ಸಾಯಲು ಹೋಗಿರಲಿಲ್ಲ, ಈಜಲು ಹೋಗಿದ್ದೆ. ಈ ಒಂದು ಸಾಲನ್ನು ಬರೆಯಲು ಮೂರು ತಿಂಗಳಾಯಿತು.

ಇನ್ನು ನಿನಗೆ ಏಕೆ ಹೇಳಲಿಲ್ಲ ಎನ್ನುವುದು. ನೀನು ಅಂಗಾತ ಮಲಗಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ಗಡಿಯಾರ ಹಿಡಿಯುತ್ತಾರೆ, ಪತ್ರಿಕೆಯಲ್ಲಿ ಹಾಕುತ್ತಾರೆ. ನಾನು ಹಾಗೇ ಮಲಗಿದರೆ ಕೊಕ್ಕೆ ಹಾಕಿ ಎಳೆಯುತ್ತಾರೆ. ಇದು ನನ್ನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು. ನಿನಗೆ ಇಲ್ಲದ್ದು, ನಿನ್ನ ಮಾಸ್ತರರಿಗೂ ಇಲ್ಲದ್ದು ಒಂದು ನನ್ನ ಹತ್ತಿರ ಇರಲಿ ಅನ್ನಿಸಿತು. ನೀನು ಸೋಲಲಿ ಎಂದು ಬಯಸಿದೆನೆ? ಇಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ಒಂದೆರಡು ದಿನ ಬಯಸಿದೆ.

ಇನ್ನೊಂದು. ನಾನು ದಂಡೆಯ ಮೇಲೆ ನಿಂತಿರಲಿಲ್ಲ. ಎದೆಮಟ್ಟ ನೀರಿನಲ್ಲಿ ನಿನ್ನ ಬೆನ್ನ ಕೆಳಗೆ ಎರಡೂ ಅಂಗೈ ಇಟ್ಟು ನಿಂತಿರುತ್ತಿದ್ದೆ. ಒಂದು ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ. ನೀನು ಮೇಲೆ ನೋಡುತ್ತಿದ್ದೆ. ಕೆಳಗಿನ ಕೈ ನಿನಗೆ ಕಾಣಿಸಿರಲಿಕ್ಕಿಲ್ಲ.

ಈಗ ಮಾಡಬೇಕಾದದ್ದು. ಊರಿಗೆ ಹೋಗು. ಆಚೆ ದಂಡೆಗೆ ದೋಣಿಯಲ್ಲಿ ದಾಟಿ, ಅಲ್ಲಿಂದ ನಮ್ಮ ದಂಡೆಗೆ ಅಂಗಾತ ಈಜು. ಹದಿನೈದು ದಿನ, ದಿನಕ್ಕೆ ಹತ್ತು ಸಲ. ಈ ಕಡೆಯಿಂದ ಆ ಕಡೆಗೆ ಒಂದು ಸಲವೂ ಈಜಬೇಡ. ಬಲಗೈ ಹೆದರುವುದನ್ನು ಕಲಿಯಲಿ. ಎರಡೂ ಕೈ ಸರಿಯಾಗಿ ಹೆದರಿದರೆ ನೇರ ಹೋಗುತ್ತೀ.

ಪಾರವ್ವ

•

ಕೊಣ್ಣೂರ
೨೦ ಜನವರಿ ೧೯೩೭

ಪತ್ರ ತಲುಪಿತು.

ಮೂರು ತಿಂಗಳು ನಾನು ನಿದ್ದೆಯಲ್ಲಿ ನಿನ್ನ ಹೆಣ ಕಂಡಿದ್ದೇನೆ. ಪುಣೆಯಲ್ಲಿ ನೀರಿಗೆ ಇಳಿಯುವ ಮುಂಚೆಯೂ ಬಾವಿಯನ್ನೇ ನೆನೆಯುತ್ತಿದ್ದೆ. ನೀನು ಬದುಕಲು ಬಯಸಿದವಳೆಂದು ಓದಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತೆ. ಅಳು ನಿಂತ ಮೇಲೆ ಸಿಟ್ಟು ಬಂತು. ಅದು ಇನ್ನೂ ಹೋಗಿಲ್ಲ.

ಹೊಳೆಯಲ್ಲಿ ಅಭ್ಯಾಸ ಮಾಡುತ್ತೇನೆಂದಷ್ಟೇ ಮಾಸ್ತರರಿಗೆ ಹೇಳಿ ಊರಿಗೆ ಬಂದಿದ್ದೇನೆ. ನೀನು ಹೇಳಿದ ಹಾಗೆ ಆಚೆಯಿಂದ ಈಚೆಗೆ ಈಜುತ್ತಿದ್ದೇನೆ. ಮೊದಲ ದಿನ ಹೊಳೆ ನನ್ನನ್ನು ಎರಡು ಹೊಲದಷ್ಟು ಕೆಳಗೆ ಒಯ್ದಿತು. ಅಪ್ಪ ದಂಡೆಯ ಮೇಲೆ ಓಡುತ್ತ, "ಹುಚ್ಚಪ್ಯಾಲಿ, ಬಿ.ಎ. ಓದಿ ಈಸೂದ ಮರತೇನಲೇ!" ಎಂದು ಕೂಗುತ್ತಿದ್ದ.

ಉತ್ತರ ಬರೆಯಬೇಡ. ಈಗ ನನಗೆ ಓದಲಾಗುವುದಿಲ್ಲ.

ಕೇದಾರಿ

•

ಮುಂಬೈ
೧ ಮಾರ್ಚ್ ೧೯೩೭

ಅಕ್ಕಾ,

ಹಗ್ಗ ಒಮ್ಮೆಯೂ ಮೈಗೆ ತಾಗಲಿಲ್ಲ.

ಅಂಗಾತ ಈಜಿನಲ್ಲಿ ಎರಡನೆಯವನಾದೆ. ಮುಂಬೈಯ ಹುಡುಗ ಒಂದು ಮೊಳ ಮುಂದಿದ್ದ. ಇಬ್ಬರನ್ನು ಆರಿಸಿದರು, ನನ್ನ ಹೆಸರು ತಂಡದಲ್ಲಿದೆ. ವೇಗದ ಈಜಿನಲ್ಲಿ ನಾಲ್ಕನೆಯವನು. ಅದರಲ್ಲಿ ಈ ಊರಿನ ಹುಡುಗರು ಮೀನುಗಳು, ನಾನು ಅವರ ಮುಂದೆ ನಿಜವಾಗಿಯೂ ಎಮ್ಮೆ. ಅಪ್ಪನಿಗೆ ತಂತಿ ಕಳಿಸಿದ್ದೇನೆ.

ಸಾಂಗಲಿಯ ಹುಡುಗ ಬಂದಿದ್ದ. ತುಟಿಯ ಮೇಲೆ ಗುರುತಿದೆ. ಕ್ಷಮಿಸು ಎಂದೆ. "ಇವತ್ತ ನನ್ನ ಬಾಜೂ ನೀ ಇಲ್ಲಲ್ಲ, ಸಾಕ್ ಮಾರಾಯಾ" ಎಂದು ನಕ್ಕ.

ಯಾರು ತಿದ್ದಿದರು ಎಂದು ಮಾಸ್ತರರು ಕೇಳಿದರು. ಅಕ್ಕ ಎಂದೆ. ಕಲಿಸಿದವಳೂ ಅವಳೇ ಎಂದೆ. ಅವರು ನಕ್ಕು, "ಮನೆಯ ಹೆಣ್ಣುಮಕ್ಕಳ ಆಶೀರ್ವಾದ ದೊಡ್ಡದು" ಎಂದರು. ಆಶೀರ್ವಾದವಲ್ಲ ಸರ್, ಎಡಗೈ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅವರು ನಕ್ಕಾಗ ನನಗೆ ಬಂದ ಸಿಟ್ಟು ನಿನ್ನ ಮೇಲಿನದಲ್ಲ. ಆದರೆ ಪುಣೆಯನ್ನು ಮರೆತೆನೆಂದು ತಿಳಿಯಬೇಡ.

ಈಗ ಉತ್ತರ ಬರೆ.

ನಿನ್ನ
ಕೇದಾರಿ

•

ಹುಕ್ಕೇರಿ
೧೦ ಮಾರ್ಚ್ ೧೯೩೭

ತಮ್ಮ ಕೇದಾರಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ಸಂತೋಷವಾಯಿತು ಎಂದು ಬರೆದರೆ ಮತ್ತೆ ಸುಳ್ಳಾಗುತ್ತದೆ. ಮೊದಲು ಅನ್ನಿಸಿದ್ದು, ಆ ಒಂದು ಮೊಳ ನಾನಾಗಿದ್ದರೆ ಬಿಡುತ್ತಿರಲಿಲ್ಲ ಎಂದು. ಎರಡನೆಯ ಸಲ ಸಂತೋಷವಾಯಿತು. ಮೂರನೆಯ ಸಲ ಎರಡೂ ಒಟ್ಟಿಗೇ ಇದ್ದವು. ಇನ್ನು ಮುಂದೆಯೂ ಹಾಗೇ ಇರುತ್ತವೆ ಅನ್ನಿಸುತ್ತದೆ. ನಿನ್ನ ಅಕ್ಕ ಇಂಥವಳು ಎಂದು ತಿಳಿದುಕೊ.

ಪುಣೆಯನ್ನು ಮರೆ ಎಂದು ನಾನು ಕೇಳುವುದಿಲ್ಲ.

ನಿನ್ನೆ ಅತ್ತೆಗೂ ಹೇಳಿದೆ. ಅವರು ಜೋಳ ಬೀಸುತ್ತಿದ್ದರು. ಬಾವಿಗೆ ನಾನು ಬಿದ್ದದ್ದಲ್ಲ, ಈಜಲು ಇಳಿದದ್ದು ಎಂದೆ. ಬೀಸುವುದನ್ನು ನಿಲ್ಲಿಸಿದರು.

"ಈಸಾಕ?"

"ಹೂನ್ರಿ."

"ಸಾಯಾಕಲ್ಲ?"

"ಅಲ್ರಿ."

"ಅಯ್ಯ ನಿನ್ನ! ಐದ ತಿಂಗಳ ನೀರ ಸೇದಿ ಸೇದಿ ನನ್ನ ಸೊಂಟ ಮುರೀತಲ್ಲ! ಆ ಹಗ್ಗ ತಲಿಗೆ ಒತ್ತಿ ಒತ್ತಿ ಕುತ್ತಿಗಿ ಹಿಡದೈತಿ! ಮೊದಲ ಹೇಳಾಕ ಏನಾಗಿತ್ತ ನಿನಗ?" ಎಂದು ಬೈದರು. ಬೈಯುತ್ತಲೇ ಅಳತೊಡಗಿದರು. ಮಗ ಹೋದ ಮೇಲೆ ಅವರು ನನ್ನ ಎದುರಿಗೆ ಅತ್ತದ್ದು ಅದೇ ಮೊದಲು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಒರೆಸಿಕೊಂಡು, "ಚೊಲೋ ಈಸತಿಯೇನ?" ಎಂದು ಕೇಳಿದರು. ಕೇದಾರಿಗಿಂತ ಚೆನ್ನಾಗಿ ಎಂದೆ. "ಬಾಯಿ ಜೋರ ಆತು" ಎಂದು ಮತ್ತೆ ಬೀಸತೊಡಗಿದರು.

ಆದ್ದರಿಂದ ಕೇಳು. ಯುಗಾದಿಗೆ ನಾನು ಕೊಣ್ಣೂರಿಗೆ ಬರುತ್ತೇನೆ. ಅತ್ತೆಯೂ ಬರುತ್ತಾರೆ. ಗೋಕಾಕದ ಗಿರಣಿಯವರು ಹೊಳೆಗೆ ಕಟ್ಟಿದ ಒಡ್ಡಿನ ಹಿಂದೆ ಬೇಸಿಗೆಯಲ್ಲೂ ನೀರು ಇರುತ್ತದೆ. ನಮ್ಮ ದಂಡೆಯಿಂದ ಆಚೆಗೆ ಅಂಗಾತ ಒಂದು ಸಲ, ಆಚೆಯಿಂದ ಈಚೆಗೆ ಒಂದು ಸಲ. ನೀನು ಮತ್ತು ನಾನು. ನಾನು ಸೀರೆ ಕಚ್ಚೆ ಹಾಕಿಯೇ ಈಜುತ್ತೇನೆ, ಅದಕ್ಕೆ ನೀನು ವಿನಾಯಿತಿ ಕೊಡಬೇಕಾಗಿಲ್ಲ. ಜನ ನೋಡಿದರೆ ನೋಡಲಿ. ಈ ಸಲ ಯಾರಾದರೂ ಕೊಕ್ಕೆ ತಂದರೆ ಅವರನ್ನು ಅತ್ತೆ ನೋಡಿಕೊಳ್ಳುತ್ತಾರೆ, ಅವರೇ ಒಪ್ಪಿದ್ದಾರೆ. ನಿನ್ನ ಮಾಸ್ತರರು ಗಡಿಯಾರ ಹಿಡಿದು ದಂಡೆಯ ಮೇಲೆ ನಿಲ್ಲುತ್ತೇನೆಂದರೂ ನನ್ನದೇನೂ ಅಡ್ಡಿಯಿಲ್ಲ.

ಮೈಯಲ್ಲಿ ಹುರುಪಿಟ್ಟುಕೊಂಡು ಬಾ. ಅಕ್ಕ, ಗಂಡ ಸತ್ತವಳು, ಪಾಪ ಎಂದು ಒಂದು ಕೈ ಕಡಿಮೆ ಎಳೆದೆಯೋ, ನನಗೆ ತಿಳಿಯುತ್ತದೆ. ಆ ಕ್ಷಣವೇ ನಡುಹೊಳೆಯಿಂದ ತಿರುಗಿ ಹೋಗುತ್ತೇನೆ, ಮತ್ತೆ ನಿನಗೆ ಒಂದು ಸಾಲೂ ಬರೆಯುವುದಿಲ್ಲ.

ನಿನ್ನನ್ನು ಸೋಲಿಸಲು ಕಾದಿರುವ
ಪಾರವ್ವ